ಪಂಚಿಂಗ್ ಫೈಲ್ ಮಷಿನ್‌ಗೆ ಹೋಗುವ ಮೊದಲು

ಎಂಬ್ರಾಯ್ಡರಿ ಮಷಿನ್‌ಗೆ ಫೈಲ್ ಮಾಡುವ ಈ ಕೆಲಸಕ್ಕೆ ಬಂದ ಹೊಸತರಲ್ಲಿ ಒಂದು ಶಾಲೆಯ ಲೋಗೋ ನನ್ನ ಕೈಗೆ ಬಂತು. 300 ಟಿ-ಶರ್ಟ್. ಎಡ ಎದೆಯ ಮೇಲೆ ದುಂಡನೆಯ ಲೋಗೋ, ನಡುವೆ ದೀಪ, ಸುತ್ತ ಶಾಲೆಯ ಹೆಸರು. ಹೆಸರಿನ ಕೊನೆಯ ಪದ ‘ಪಾಠಶಾಲೆ’. ಸ್ಕ್ರೀನ್ ಮೇಲೆ ಎಲ್ಲ ಚೆನ್ನಾಗೇ ಇತ್ತು. ಒಟ್ಟಿಗೆ 12 ಪೀಸ್ ಹೊಲಿಯುವ 12 ಹೆಡ್ ಮಷಿನ್ ಎರಡು ಸಲ ಓಡಿ 24 ಪೀಸ್ ಇಳಿಯಿತು. ಉಳಿದ ದಾರ ಕತ್ತರಿಸಲು ಕೂತಿದ್ದ ಹೆಂಗಸು ಒಂದು ಶರ್ಟ್ ಎತ್ತಿ ಹಿಡಿದು, ‘ಇದೇನಣ್ಣ, ಪಾರಶಾಲೆ?’ ಅಂದರು. ಠ ಒಳಗಿನ ಚುಕ್ಕೆ ಬಟ್ಟೆಯ ಗುಳಿಗಳಲ್ಲಿ ಮುಳುಗಿ ಹೋಗಿತ್ತು. ಠ ಹೋಗಿ ರ ಆಗಿತ್ತು.

ಆ 24 ಶರ್ಟಿನ ದುಡ್ಡು ನನ್ನ ಜೇಬಿನಿಂದಲೇ ಹೋಯಿತು. ಮಷಿನ್ ಮೇಲೆ ಸಿಟ್ಟು ಮಾಡಿಕೊಳ್ಳುವಂತೆಯೂ ಇರಲಿಲ್ಲ. ಫೈಲಲ್ಲಿ ಏನು ಹೇಳಿದ್ದೆನೋ ಅದನ್ನೇ ಅದು ಹೊಲಿದಿತ್ತು.

ಚಿತ್ರವನ್ನು ಹೊಲಿಗೆಯ ಫೈಲ್ ಮಾಡುವ ಈ ಡಿಜಿಟೈಸಿಂಗ್ ಅನ್ನು ನಮ್ಮ ಕಡೆ ಇವತ್ತಿಗೂ ‘ಪಂಚಿಂಗ್’ ಅಂತಲೇ ಕರೆಯುತ್ತಾರೆ. ಹಿಂದೆ ಮಷಿನ್‌ಗಳು ತೂತು ಹೊಡೆದ ಕಾಗದದ ಪಟ್ಟಿ ಓದಿ ಹೊಲಿಯುತ್ತಿದ್ದವು. ಪಟ್ಟಿ ಹೋಯಿತು, ಹೆಸರು ಉಳಿಯಿತು. ಆದರೆ ಒಳಗಿನ ವಿಷಯ ಅಷ್ಟೇನೂ ಬದಲಾಗಿಲ್ಲ. ಮಷಿನ್‌ಗೆ ನಿಮ್ಮ ದೀಪ ಗೊತ್ತಿಲ್ಲ, ಅಕ್ಷರ ಗೊತ್ತಿಲ್ಲ. ‘ಇಷ್ಟು ಬಲಕ್ಕೆ ಹೋಗು, ಇಷ್ಟು ಮೇಲಕ್ಕೆ ಹೋಗು, ಸೂಜಿ ಇಳಿಸು, ಬಣ್ಣ ಬದಲಿಸು’ ಅನ್ನುವುದಷ್ಟೇ ಅದಕ್ಕೆ ಗೊತ್ತು. ಹಾಗಾಗಿ ಫೈಲ್ ತಯಾರು ಮಾಡುವಾಗ ಸೂಜಿ ನಡೆಯುವ ದಾರಿ ಹಾಕುತ್ತಿದ್ದೇನೆ ಅಂದುಕೊಳ್ಳಿ. ಆ ಶಾಲೆಯ ಲೋಗೋವನ್ನೇ ಇಟ್ಟುಕೊಂಡು ಹೇಗೆ ಅಂತ ಹೇಳುತ್ತೇನೆ.

ಮೊದಲು ಬಟ್ಟೆ ಕೇಳಿ

ಗ್ರಾಹಕರು ಚಿತ್ರ ಕಳಿಸಿ ‘ಎಷ್ಟಾಗುತ್ತೆ?’ ಅಂತ ಕೇಳುತ್ತಾರೆ. ಉತ್ತರ ಕೊಡುವ ಮೊದಲು ನಾವು ಕೇಳಬೇಕಾದ ಪ್ರಶ್ನೆಗಳಿವೆ. ಯಾವ ಬಟ್ಟೆ? ಲೋಗೋ ಎಷ್ಟು ಅಗಲ? ಎಲ್ಲಿ ಬರುತ್ತದೆ: ಎದೆ, ಜೇಬು, ಟೋಪಿ, ಬೆನ್ನು? ಎಷ್ಟು ಪೀಸ್? ಹೊಲಿಯುವ ಮಷಿನ್ ಯಾವುದು, ಎಷ್ಟು ಸೂಜಿ, ಎಷ್ಟು ದೊಡ್ಡ ಫ್ರೇಮ್?

ಇದರಲ್ಲಿ ಬಟ್ಟೆಯೇ ಮುಖ್ಯ. ಅದೇ ಲೋಗೋ ಕಾಟನ್ ಅಂಗಿಗೆ ಒಂದು ಫೈಲ್, ಮ್ಯಾಟಿ ಟಿ-ಶರ್ಟ್‌ಗೆ ಇನ್ನೊಂದು, ಟವೆಲ್‌ಗೆ ಮತ್ತೊಂದು. ಮ್ಯಾಟಿ ಹಿಗ್ಗುತ್ತದೆ, ಅದರ ಮೈಮೇಲೆ ಸಣ್ಣ ಸಣ್ಣ ಗುಳಿ ಇರುತ್ತವೆ. ಟವೆಲ್‌ನ ನೂಲಿನ ಕುಣಿಕೆಗಳು ಹೊಲಿಗೆಯ ನಡುವೆ ಎದ್ದು ಬರುತ್ತವೆ. ಮೇಲೊಂದು ನೀರಲ್ಲಿ ಕರಗುವ ಫಿಲ್ಮ್ ಹಾಕದಿದ್ದರೆ ಅಕ್ಷರ ಕಾಣುವುದೇ ಇಲ್ಲ. ರೇಷ್ಮೆ ಬ್ಲೌಸ್ ಪೀಸ್‌ನಲ್ಲಿ ಸೂಜಿಯ ತೂತು ಹಾಗೇ ಉಳಿಯುತ್ತದೆ, ಬಿಚ್ಚಿ ಮತ್ತೆ ಹೊಲಿಯುವ ಮಾತೇ ಇಲ್ಲ. ಮದುವೆ ಸೀಸನ್‌ನಲ್ಲಿ ಬ್ಲೌಸ್ ಕೆಲಸ ಮಾಡುವವರಿಗೆ ಇದು ಚೆನ್ನಾಗಿ ಗೊತ್ತು.

‘ಸುಮ್ನೆ ಒಂದು ಫೈಲ್ ಮಾಡಿಕೊಡಿ, ಎಲ್ಲದಕ್ಕೂ ಆಗಲಿ’ ಅನ್ನುವವರಿಗೆ ನಾನು ಆಗಲ್ಲ ಅಂತಲೇ ಹೇಳುತ್ತೇನೆ.

ಚಿತ್ರ ಸರಿ ಮಾಡಿಕೊಳ್ಳುವುದು

ವಾಟ್ಸಾಪ್‌ನಲ್ಲಿ ಬಂದ ಫೋಟೋ ನೋಡಿ ಕೆಲಸ ಶುರು ಮಾಡಬೇಡಿ. ಅದು ಕುಗ್ಗಿ ಬಂದಿರುತ್ತದೆ, ಅಂಚುಗಳು ಮಸುಕಾಗಿರುತ್ತವೆ. ಶಾಲೆಯ ಲೆಟರ್‌ಹೆಡ್ ಅಥವಾ ಬೋರ್ಡ್ ಮಾಡಿದ ಡಿಟಿಪಿ ಅಂಗಡಿಯಲ್ಲಿ ಮೂಲ ಕೋರೆಲ್‌ಡ್ರಾ ಫೈಲ್ ಸಿಗುತ್ತದೆಯೇ ಅಂತ ಕೇಳಿ. ಪಿಡಿಎಫ್, ಎಸ್‌ವಿಜಿ ಆದರೂ ಸರಿ.

ಕನ್ನಡದ್ದೇ ಒಂದು ತಲೆನೋವು ಇಲ್ಲಿದೆ. ಡಿಟಿಪಿ ಅಂಗಡಿಗಳಲ್ಲಿ ಇನ್ನೂ ನುಡಿ, ಬರಹ, ಶ್ರೀಲಿಪಿಯ ಹಳೆಯ ಫಾಂಟ್‌ಗಳಲ್ಲೇ ಜಾಸ್ತಿ ಕೆಲಸ ನಡೆಯುತ್ತದೆ. ಆ ಫಾಂಟ್ ನಿಮ್ಮ ಕಂಪ್ಯೂಟರ್‌ನಲ್ಲಿ ಇಲ್ಲದಿದ್ದರೆ ಶಾಲೆಯ ಹೆಸರಿನ ಜಾಗದಲ್ಲಿ ಕೊಂಬು ಬಾಲ ಹಚ್ಚಿದ ಇಂಗ್ಲಿಷ್ ಅಕ್ಷರಗಳ ಕಸ ಕಾಣುತ್ತದೆ. ಕಳಿಸುವ ಮೊದಲೇ ಅಕ್ಷರಗಳನ್ನು ಕರ್ವ್ಸ್ ಮಾಡಿ, ಅಂದರೆ ಫಾಂಟ್ ಬೇಡದ ಗೆರೆಗಳ ಚಿತ್ರ ಮಾಡಿ, ಕಳಿಸಲು ಹೇಳಿ. ಕೋರೆಲ್‌ನಲ್ಲಿ ಕಂಟ್ರೋಲ್ ಮತ್ತು ಕ್ಯೂ ಒತ್ತಿದರೆ ಆಯಿತು. ಯೂನಿಕೋಡ್ ಫಾಂಟ್ ಆದರೂ ಇದೇ ಮಾತು. ಪಂಚಿಂಗ್ ಸಾಫ್ಟ್‌ವೇರ್ ಒಳಗೆ ನೇರವಾಗಿ ಕನ್ನಡ ಟೈಪ್ ಮಾಡಲು ಹೋದರೆ ಒತ್ತಕ್ಷರ ಪಕ್ಕಕ್ಕೆ ಬಂದು ಕೂರುವುದನ್ನು ನಾನೇ ಕಂಡಿದ್ದೇನೆ. ಬೇರೆ ಕಡೆ ಟೈಪ್ ಮಾಡಿ, ಕರ್ವ್ಸ್ ಮಾಡಿ, ಚಿತ್ರವಾಗಿ ತಂದು, ಅದರ ಮೇಲೆ ಕೈಯಾರೆ ಹೊಲಿಗೆ ಹಾಕುವುದೇ ವಾಸಿ.

ಮುಂದಿನದು ಕಳೆಯುವ ಕೆಲಸ. ನಮ್ಮ ಲೋಗೋದ ದೀಪದ ಜ್ವಾಲೆಯಲ್ಲಿ ಹಳದಿಯಿಂದ ಕೆಂಪಿಗೆ ಜಾರುವ ಬಣ್ಣ ಇತ್ತು, ಕೆಳಗೆ ನೆರಳು, ಸುತ್ತ ಕೂದಲೆಳೆಯಂಥ ಕಿರಣಗಳು. ಪ್ರಿಂಟ್‌ಗೆ ಚೆಂದ. ದಾರಕ್ಕೆ ಅದೆಲ್ಲ ಬೇಡ. ಜ್ವಾಲೆಗೆ ಎರಡು ಬಣ್ಣ ಸಾಕು, ನೆರಳು ತೆಗೆಯಿರಿ, 16 ಕಿರಣ ಇದ್ದಲ್ಲಿ 8 ಇರಲಿ. ಗ್ರಾಹಕರ ಒಪ್ಪಿಗೆ ಈಗಲೇ ತೆಗೆದುಕೊಳ್ಳಿ. ಶರ್ಟ್ ಆದ ಮೇಲೆ ‘ನಮ್ಮ ಕಿರಣ ಎಲ್ಲಿ?’ ಅನ್ನಬಾರದು ಅಲ್ವಾ?

ಆಮೇಲೆ ನಿಜವಾದ ಅಳತೆಯಲ್ಲೇ ಕಾಗದದ ಮೇಲೆ ಪ್ರಿಂಟ್ ತೆಗೆದು, ಕತ್ತರಿಸಿ, ಶರ್ಟಿನ ಮೇಲೆ ಪಿನ್ ಮಾಡಿ ನೋಡಿ. ಸ್ಕ್ರೀನ್ ಮೇಲೆ ಜೂಮ್ ಮಾಡಿ ಮಾಡಿ ನಮ್ಮ ಕಣ್ಣು ಮೋಸ ಹೋಗಿರುತ್ತದೆ. 80 ಮಿಲಿಮೀಟರ್ ಎಂದರೆ ಎಷ್ಟು ಚಿಕ್ಕದು ಅಂತ ಕಾಗದ ಹೇಳುತ್ತದೆ.

ಕನ್ನಡ ಅಕ್ಷರ ಎಷ್ಟು ದೊಡ್ಡದಿರಬೇಕು?

ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ. ಹೆಚ್ಚಿನ ಕನ್ನಡ ಲೋಗೋಗಳು ಹಾಳಾಗುವುದು ಇಲ್ಲೇ.

ಸಾಮಾನ್ಯವಾಗಿ ಬಳಸುವ 40 ನಂಬರ್ ದಾರ ಹೊಲಿದಾಗ ಸುಮಾರು 0.4 ಮಿಲಿಮೀಟರ್ ಅಗಲ ಬರುತ್ತದೆ. ಸಾಮಾನ್ಯ ಸೂಜಿ 75/11, ಅಂದರೆ 0.75 ಮಿಲಿಮೀಟರ್ ದಪ್ಪ. ಇಷ್ಟು ದಪ್ಪದ ಪೆನ್ನಿನಲ್ಲಿ ಬರೆಯುತ್ತಿದ್ದೇನೆ ಅಂದುಕೊಳ್ಳಿ. ಅಕ್ಷರದ ಒಳಗಿನ ಖಾಲಿ ಜಾಗ 1 ಮಿಲಿಮೀಟರ್‌ಗಿಂತ ಕಡಿಮೆ ಇದ್ದರೆ ಅದು ಮುಚ್ಚಿಹೋಗುತ್ತದೆ. ಗೆರೆಯೊಂದು 1 ಮಿಲಿಮೀಟರ್‌ಗಿಂತ ತೆಳ್ಳಗಿದ್ದರೆ ಅದಕ್ಕೆ ಸ್ಯಾಟಿನ್, ಅಂದರೆ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಒತ್ತೊತ್ತಾಗಿ ಹಾಕುವ ಹೊಲಿಗೆ, ಕೂರುವುದಿಲ್ಲ.

ಇಂಗ್ಲಿಷ್ ದೊಡ್ಡಕ್ಷರಕ್ಕೆ 5 ಮಿಲಿಮೀಟರ್ ಎತ್ತರ ಸಾಕು ಅನ್ನುತ್ತಾರೆ. ಅದೇ ಲೆಕ್ಕ ಕನ್ನಡಕ್ಕೆ ಹಾಕಿದರೆ ಕೆಟ್ಟಿತು. ನಮ್ಮ ಅಕ್ಷರ ದುಂಡಗೆ, ಒಳಗೆ ಸುರುಳಿ, ಮೇಲೆ ತಲೆಕಟ್ಟು, ಕೆಳಗೆ ಒತ್ತು. ಒತ್ತು ಮೂಲ ಅಕ್ಷರದ ಅರ್ಧದಷ್ಟೇ ಇರುತ್ತದೆ. 5 ಮಿಲಿಮೀಟರ್ ಅಕ್ಷರ ಇಟ್ಟರೆ ‘ಮಕ್ಕಳ’ ಪದದ ಕ ಒತ್ತು ಎರಡೂವರೆ ಮಿಲಿಮೀಟರ್. ಅಷ್ಟರಲ್ಲಿ ಒಂದು ಗಂಟು ಬರುತ್ತದೆಯೇ ಹೊರತು ಒತ್ತು ಬರುವುದಿಲ್ಲ. ನನ್ನ ಲೆಕ್ಕ ಹೀಗಿದೆ: ಮೂಲ ಅಕ್ಷರ 7 ಮಿಲಿಮೀಟರ್, ಒತ್ತು ಮೂರೂವರೆ, ಮೇಲಿನ ಗುಡಿಸು ಕೆಳಗಿನ ಒತ್ತು ಎಲ್ಲ ಸೇರಿ ಒಂದು ಸಾಲಿಗೆ 12 ಮಿಲಿಮೀಟರ್ ಜಾಗ. ಇನ್ನೂ ಚಿಕ್ಕದು ಬೇಕೇ ಬೇಕು ಅಂದರೆ 60 ನಂಬರ್ ತೆಳು ದಾರ, 65/9 ಸೂಜಿ ಹಾಕಿಸಿ. ಆಗ ಮೂಲ ಅಕ್ಷರ 5ಕ್ಕೆ ಇಳಿಸಬಹುದು. ಆದರೆ ಕಾರ್ಖಾನೆಯಲ್ಲಿ ಆ ದಾರ ಇದೆಯೇ ಅಂತ ಮೊದಲೇ ಕೇಳಿ.

ಕನ್ನಡದಲ್ಲಿ ಚಿಕ್ಕ ಗುರುತೇ ಅಕ್ಷರ ಬದಲಿಸಿಬಿಡುತ್ತದೆ. ಧ ಕೆಳಗಿನ ಸೀಳು ಮುಚ್ಚಿದರೆ ದ. ಭ ಕೆಳಗಿನದು ಹೋದರೆ ಬ. ಥ ಒಳಗಿನ ಚುಕ್ಕೆ ಹೋದರೆ ‘ಪ್ರಾಥಮಿಕ’ ಹೋಗಿ ‘ಪ್ರಾಧಮಿಕ’. ಠ ಕಥೆ ಆಗಲೇ ಹೇಳಿದೆ. ಈ ಗುರುತುಗಳನ್ನು ಫಾಂಟ್‌ನಲ್ಲಿ ಇದ್ದ ಹಾಗೇ ಬಿಡಬೇಡಿ. ಮಹಾಪ್ರಾಣದ ಗೆರೆಯನ್ನು ಸ್ವಲ್ಪ ಉದ್ದ ಎಳೆಯಿರಿ. ಚುಕ್ಕೆಯನ್ನು 1.2 ಮಿಲಿಮೀಟರ್‌ವರೆಗೆ ದಪ್ಪ ಮಾಡಿ. ಅದರ ಸುತ್ತಲಿನ ಬಳೆಯನ್ನೂ ಅದಕ್ಕೆ ತಕ್ಕಂತೆ ಹಿಗ್ಗಿಸಿ, ಇಲ್ಲದಿದ್ದರೆ ಚುಕ್ಕೆಗೆ ಉಸಿರಾಡಲು ಜಾಗ ಇರುವುದಿಲ್ಲ. ಫಾಂಟ್ ಮಾಡಿದವರು ನೋಡಿದರೆ ಬೇಜಾರಾಗಬಹುದು. ಆದರೆ ಓದಲು ಬರುತ್ತದೆ.

ಈಗ ದುಂಡು ಸಾಲಿನ ಲೆಕ್ಕ. ಲೋಗೋ 80 ಮಿಲಿಮೀಟರ್ ಅಗಲ. ಅಕ್ಷರ ಕೂರುವ ವೃತ್ತದ ತ್ರಿಜ್ಯ ಸುಮಾರು 32. ಮೇಲಿನ ಅರ್ಧ ಸುತ್ತಿನ ಉದ್ದ 32 ಗುಣಿಸು 3.14, ಅಂದರೆ ಸುಮಾರು 100 ಮಿಲಿಮೀಟರ್. ನಡುವಿನ ಸಂದು ಸೇರಿ ಒಂದು ಅಕ್ಷರಕ್ಕೆ 8 ಮಿಲಿಮೀಟರ್ ಹಿಡಿದರೆ 12 ಅಕ್ಷರ ಹಿಡಿಸುತ್ತದೆ. ಶಾಲೆಯವರು ಕೊಟ್ಟ ಹೆಸರಿನಲ್ಲಿ 24 ಅಕ್ಷರ! ಆಗ ಮೂರೇ ದಾರಿ. ಲೋಗೋ ದೊಡ್ಡದು ಮಾಡಿ, ಹೆಸರು ಚಿಕ್ಕದು ಮಾಡಿ, ಇಲ್ಲವೇ ಅರ್ಧ ಹೆಸರನ್ನು ಕೆಳಗೆ ನೇರ ಸಾಲಿನಲ್ಲಿ ಇಡಿ. ಅಕ್ಷರವನ್ನು ಕುಗ್ಗಿಸುವುದನ್ನು ಮಾತ್ರ ಮಾಡಬೇಡಿ. ನಾನು ಮಾಡಿದ್ದು ಅದನ್ನೇ.

ಯಾವ ಹೊಲಿಗೆ ಎಲ್ಲಿ

ಹೊಲಿಗೆಯಲ್ಲಿ ಮುಖ್ಯವಾದವು ಮೂರು. ತೆಳು ಗೆರೆಗೆ ರನ್ನಿಂಗ್, ಒಂದು ಹೊಲಿಗೆ ಸುಮಾರು ಎರಡೂವರೆ ಮಿಲಿಮೀಟರ್. ಅಕ್ಷರಕ್ಕೆ, ಅಂಚಿಗೆ ಸ್ಯಾಟಿನ್, ಅಗಲ 1ರಿಂದ 7 ಮಿಲಿಮೀಟರ್. ಅದಕ್ಕಿಂತ ಅಗಲ ಆದರೆ ದಾರ ಸಡಿಲವಾಗಿ ತೂಗುತ್ತದೆ, ಮಕ್ಕಳ ಬ್ಯಾಗಿನ ಜಿಪ್‌ಗೆ ಸಿಕ್ಕಿ ಕಿತ್ತುಬರುತ್ತದೆ. ದೊಡ್ಡ ಜಾಗಕ್ಕೆ ತತಾಮಿ ಎಂಬ ಫಿಲ್, ಅಂದರೆ ಜಾಗ ತುಂಬುವ ಹೊಲಿಗೆ, ಹೊಲಿಗೆಯ ಉದ್ದ 4 ಮಿಲಿಮೀಟರ್ ಆಸುಪಾಸು.

ಸಾಲುಗಳ ನಡುವಿನ ಅಂತರಕ್ಕೆ ಡೆನ್ಸಿಟಿ ಅನ್ನುತ್ತಾರೆ. 40 ನಂಬರ್ ದಾರಕ್ಕೆ 0.40 ಮಿಲಿಮೀಟರ್ ಇಟ್ಟು ಶುರು ಮಾಡಿ. ದಾರದ ಅಗಲವೇ ಅಷ್ಟು, ಹಾಗಾಗಿ ಪಕ್ಕ ಪಕ್ಕ ಕೂತು ಬಟ್ಟೆ ಮುಚ್ಚುತ್ತದೆ. ಹೊಸಬರು ‘ತುಂಬಿ ಕಾಣಲಿ’ ಅಂತ 0.30ಕ್ಕೆ ಇಳಿಸುತ್ತಾರೆ. ಆಮೇಲೆ ಲೋಗೋ ಹಪ್ಪಳದ ಹಾಗೆ ಗಟ್ಟಿಯಾಗಿ, ಸುತ್ತ ಬಟ್ಟೆ ಸುಕ್ಕು. ಜರಿ ದಾರ ಆದರೆ ಉಲ್ಟಾ ಮಾಡಬೇಕು. ಅಂತರ ಸ್ವಲ್ಪ ಹೆಚ್ಚಿಸಿ, ಹೊಲಿಗೆ ಉದ್ದ ಮಾಡಿ, ದೊಡ್ಡ ಕಣ್ಣಿನ ಸೂಜಿ ಹಾಕಿಸಿ, ಸ್ಪೀಡ್ ಇಳಿಸಿ. ಇಲ್ಲದಿದ್ದರೆ ಜರಿ ತುಂಡಾಗುತ್ತಲೇ ಇರುತ್ತದೆ.

ಇನ್ನೊಂದು, ಕಣ್ಣಿಗೆ ಕಾಣದ ಹೊಲಿಗೆ: ಅಂಡರ್‌ಲೇ. ಮೇಲಿನ ಹೊಲಿಗೆ ಬೀಳುವ ಮೊದಲು ಕೆಳಗೆ ಹಾಕುವ ತಳಪಾಯ. ಬಟ್ಟೆಯನ್ನು ಅದರ ಅಡಿಗೆ ಇಡುವ ಬ್ಯಾಕಿಂಗ್ ಪೇಪರ್‌ಗೆ ಹಿಡಿದು ನಿಲ್ಲಿಸುತ್ತದೆ, ಮೇಲಿನ ದಾರವನ್ನು ಎತ್ತಿ ಹಿಡಿಯುತ್ತದೆ. ಸಣ್ಣ ಅಕ್ಷರಕ್ಕೆ ನಡುವೆ ಒಂದು ರನ್ನಿಂಗ್ ಗೆರೆ ಸಾಕು. ಅಗಲ ಸ್ಯಾಟಿನ್‌ಗೆ ಅಂಚಿನ ಗೆರೆ ಮತ್ತು ಜಿಗ್‌ಜಾಗ್. ಮ್ಯಾಟಿ, ಟವೆಲ್, ಉಣ್ಣೆಯ ಸ್ವೆಟರ್‌ಗೆ ಇದು ಬೇಕೇ ಬೇಕು. ನನ್ನ ಠ ಚುಕ್ಕೆಗೆ ಅಂಡರ್‌ಲೇ ಇರಲಿಲ್ಲ. ನಾಲ್ಕು ಹೊಲಿಗೆ ಬಟ್ಟೆಯ ಗುಳಿಯೊಳಗೆ ಬಿದ್ದು ಕಾಣೆಯಾದವು.

ದುಂಡು ಯಾಕೆ ಮೊಟ್ಟೆ ಆಗುತ್ತದೆ

ಸ್ಕ್ರೀನ್ ಮೇಲೆ ಸರಿಯಾದ ವೃತ್ತ. ಹೊಲಿದ ಮೇಲೆ ಮೊಟ್ಟೆ. ಫಿಲ್ ಒಂದು ಕಡೆ, ಅಂಚು ಇನ್ನೊಂದು ಕಡೆ, ನಡುವೆ ಬಟ್ಟೆ ಇಣುಕುತ್ತದೆ. ಇದು ಎಲ್ಲರಿಗೂ ಆಗುವಂಥದ್ದು.

ಕಾರಣ ಸರಳ. ಪ್ರತಿ ಹೊಲಿಗೆಯೂ ಬಿಗಿಯಾದಾಗ ತನ್ನ ಎರಡು ತುದಿಯನ್ನು ಒಳಗೆ ಎಳೆಯುತ್ತದೆ. ಹೊಲಿಗೆಗಳು ಅಡ್ಡಡ್ಡ ಇದ್ದರೆ ಆಕಾರ ಅಗಲದಲ್ಲಿ ಕುಗ್ಗುತ್ತದೆ. ಸಾಲಿನ ಪಕ್ಕ ಸಾಲು ಒತ್ತಿಕೊಂಡು ಬರುವುದರಿಂದ ಮೇಲೆ ಕೆಳಗೆ ಸ್ವಲ್ಪ ಹಿಗ್ಗುತ್ತದೆ. ಕೈಯಲ್ಲಿ ಒಂದು ತುಂಡು ಬನಿಯನ್ ಬಟ್ಟೆ ಹಿಡಿದು ಹೊಲಿಗೆ ಹಾಕಿ ನೋಡಿ, ಎರಡು ನಿಮಿಷದಲ್ಲಿ ಅರ್ಥವಾಗುತ್ತದೆ.

ಪರಿಹಾರವಾಗಿ ಪುಲ್ ಕಾಂಪನ್ಸೇಷನ್ ಕೊಡಬೇಕು. ಗಟ್ಟಿ ಕಾಟನ್‌ಗೆ 0.2, ಮ್ಯಾಟಿಗೆ 0.4 ಮಿಲಿಮೀಟರ್ ಹತ್ತಿರ ಇಟ್ಟು ನೋಡಿ. ಅಂದರೆ ಎಳೆತದ ದಿಕ್ಕಿನಲ್ಲಿ ಆಕಾರವನ್ನು ಬೇಕೆಂದೇ ಅಷ್ಟು ಅಗಲ ಮಾಡುವುದು. ಹಿಗ್ಗುವ ದಿಕ್ಕಿನಲ್ಲಿ ಕೈಯಾರೆ ಒಂದಿಷ್ಟು ಮೊಟಕು ಮಾಡಿ. ಜೊತೆಗೆ ಫಿಲ್ ಅಂಚಿನ ಸ್ಯಾಟಿನ್ ಕೆಳಗೆ 1 ಮಿಲಿಮೀಟರ್ ಒಳಗೆ ಹೋಗಿರಲಿ. ಸ್ಕ್ರೀನ್ ಮೇಲೆ ಸೊಟ್ಟಗೆ ಕಂಡರೆ ಕಾಣಲಿ ಬಿಡಿ.

ಆಟೋ ಡಿಜಿಟೈಸ್ ಬಟನ್ ಒತ್ತಿದರೆ ಇದೆಲ್ಲ ಆಗುವುದಿಲ್ಲವೇ ಅಂತ ಕೇಳುತ್ತಾರೆ. ಸ್ವಲ್ಪ ಮಟ್ಟಿಗೆ ಆಗುತ್ತದೆ. ಆದರೆ ಬಟ್ಟೆ ಯಾವುದು, ಯಾವ ಕಡೆ ಎಳೆಯುತ್ತದೆ, ಯಾವ ಚುಕ್ಕೆ ಹೋದರೆ ಅರ್ಥ ಕೆಡುತ್ತದೆ ಅಂತ ಆ ಬಟನ್‌ಗೆ ಗೊತ್ತಿಲ್ಲ. ಕಲಿಯಲು ವಿಲ್ಕಾಮ್‌ನಂಥ ದುಬಾರಿ ಸಾಫ್ಟ್‌ವೇರೇ ಬೇಕೆಂದಿಲ್ಲ. ಇಂಕ್‌ಸ್ಕೇಪ್ ಜೊತೆ ಇಂಕ್‌ಸ್ಟಿಚ್ ಹಾಕಿಕೊಂಡರೆ ಪುಕ್ಕಟೆಯಾಗಿ ಇಷ್ಟೂ ಮಾಡಬಹುದು.

ಯಾವುದು ಮೊದಲು, ಎಲ್ಲಿ ಟ್ರಿಮ್

ನಡುವಿನಿಂದ ಹೊರಗೆ ಹೊಲಿಯಿರಿ. ದೀಪ ಮೊದಲು, ಫಿಲ್ ಆದ ಮೇಲೆ ಅಂಚು, ಅಕ್ಷರ ಕೊನೆಗೆ. ಟೋಪಿ ಆದರೆ ಕೆಳಗಿನಿಂದ ಮೇಲೆ, ನಡುವಿನಿಂದ ಎರಡೂ ಪಕ್ಕಕ್ಕೆ. ಇಲ್ಲದಿದ್ದರೆ ಟೋಪಿಯ ಮುಂಭಾಗದಲ್ಲಿ ಬಟ್ಟೆ ಅಲೆಯಂತೆ ತಳ್ಳಿಕೊಂಡು ಬರುತ್ತದೆ.

ಒಂದು ಬಣ್ಣಕ್ಕೆ ಮತ್ತೆ ಮತ್ತೆ ವಾಪಸ್ ಬರಬೇಡಿ. ಹೊಲಿಗೆಯ ಶುರುವಿನಲ್ಲೂ ಕೊನೆಯಲ್ಲೂ ಲಾಕ್, ಅಂದರೆ ದಾರ ಬಿಗಿಯುವ ಸಣ್ಣ ಹೊಲಿಗೆ, ಇದೆಯೇ ನೋಡಿ. ಇಲ್ಲದಿದ್ದರೆ ಒಂದೇ ಒಗೆತಕ್ಕೆ ದಾರ ಬಿಚ್ಚಿಕೊಳ್ಳುತ್ತದೆ.

ಟ್ರಿಮ್, ಅಂದರೆ ಮಷಿನ್ ನಡುವೆ ದಾರ ಕತ್ತರಿಸುವುದು, ದುಡ್ಡಿನ ವಿಷಯ. ನಮ್ಮ ಲೋಗೋ 9,100 ಹೊಲಿಗೆ. ನಿಮಿಷಕ್ಕೆ 700ರ ಸ್ಪೀಡ್‌ನಲ್ಲಿ 13 ನಿಮಿಷ. ಆದರೆ ಫೈಲಲ್ಲಿ 24 ಟ್ರಿಮ್ ಇತ್ತು. ಮಷಿನ್ ನಿಂತು, ದಾರ ಕತ್ತರಿಸಿ, ಮತ್ತೆ ವೇಗ ಹಿಡಿಯಲು ಒಂದಕ್ಕೆ 7 ಸೆಕೆಂಡ್ ಹಿಡಿಯಿರಿ. 12 ಹೆಡ್ ಮಷಿನ್‌ನಲ್ಲಿ 300 ಶರ್ಟ್ ಅಂದರೆ 25 ಸಲ ಓಡಬೇಕು. ನಾನು ಆಮೇಲೆ ಅಕ್ಷರಗಳ ಕ್ರಮ ಬದಲಿಸಿ, ಫಿಲ್ ಕೆಳಗೆ ಅಡಗುವಂತೆ ರನ್ನಿಂಗ್ ಓಡಿಸಿ 24 ಟ್ರಿಮ್ಮನ್ನು 9ಕ್ಕೆ ಇಳಿಸಿದೆ. ಒಂದು ಓಟಕ್ಕೆ 105 ಸೆಕೆಂಡ್ ಉಳಿಯಿತು. 25 ಓಟಕ್ಕೆ ಮುಕ್ಕಾಲು ಗಂಟೆ ಹತ್ತಿರ. ಟ್ರಿಮ್ ಆದಾಗಲೇ ದಾರ ಸೂಜಿಯಿಂದ ಜಾರುವುದೂ ಜಾಸ್ತಿ. ಒಂದು ಹೆಡ್‌ನಲ್ಲಿ ದಾರ ಹೋದರೆ ಹನ್ನೆರಡೂ ನಿಲ್ಲುತ್ತವೆ.

ಯಾವ ಫೈಲ್ ಕಳಿಸಬೇಕು

ಕಾರ್ಖಾನೆಗಳಲ್ಲಿ ನಡೆಯುವುದು ಮುಖ್ಯವಾಗಿ ಡಿಎಸ್‌ಟಿ. ಜಪಾನಿನ ತಜಿಮಾ ಕಂಪನಿಯ ಫಾರ್ಮ್ಯಾಟ್, ಈಗ ಹೆಚ್ಚುಕಮ್ಮಿ ಎಲ್ಲ ಮಷಿನ್ ಓದುತ್ತದೆ. ಮನೆಯ ಬ್ರದರ್ ಮಷಿನ್‌ಗೆ ಪಿಇಎಸ್, ಜನೋಮ್‌ಗೆ ಜೆಇಎಫ್.

ಡಿಎಸ್‌ಟಿಯಲ್ಲಿ ಒಂದು ಹೊಲಿಗೆಗೆ ಬರೀ 3 ಬೈಟ್. 0.1 ಮಿಲಿಮೀಟರ್ ಲೆಕ್ಕದಲ್ಲಿ ಎಷ್ಟು ಸರಿಯಬೇಕು ಅನ್ನುವುದಷ್ಟೇ ಅದರಲ್ಲಿರುತ್ತದೆ. ಒಂದೇ ಸಲಕ್ಕೆ 12.1 ಮಿಲಿಮೀಟರ್‌ಗಿಂತ ದೂರ ಹೋಗಲಾಗದು, ಅದಕ್ಕಿಂತ ದೂರ ಇದ್ದರೆ ಜಂಪ್‌ಗಳಾಗಿ, ಅಂದರೆ ಹೊಲಿಯದೆ ಸರಿಯುವ ಹೆಜ್ಜೆಗಳಾಗಿ, ಒಡೆಯುತ್ತದೆ. ಬಣ್ಣ ಅದರಲ್ಲಿ ಇರುವುದಿಲ್ಲ. ‘ಇಲ್ಲಿ ಬಣ್ಣ ಬದಲಿಸು’ ಅಂತ ಇರುತ್ತದೆ, ಯಾವ ಬಣ್ಣಕ್ಕೆ ಅಂತ ಇರುವುದಿಲ್ಲ. ಹಾಗಾಗಿ ಡಿಎಸ್‌ಟಿ ತೆರೆದಾಗ ದೀಪ ನೀಲಿ, ಅಕ್ಷರ ಗುಲಾಬಿ ಕಂಡರೆ ಗಾಬರಿಯಾಗಬೇಡಿ. ಬಣ್ಣದ ಚೀಟಿ ಬೇರೆ ಕೊಡಿ: 1 ಹಳದಿ, 2 ಕೆಂಪು, 3 ಕಡುನೀಲಿ, ಪಕ್ಕದಲ್ಲಿ ದಾರದ ಕಂಪನಿ ಮತ್ತು ಶೇಡ್ ನಂಬರ್. ‘ಸ್ಕೂಲ್ ಬ್ಲೂ’ ಅಂತ ಬರೆದರೆ ಆಪರೇಟರ್ ಯಾವ ನೀಲಿ ಬೇಕಾದರೂ ಹಾಕಬಹುದು.

ನಿಮ್ಮ ಸಾಫ್ಟ್‌ವೇರ್‌ನ ಮೂಲ ಫೈಲ್ ಕಳೆದುಕೊಳ್ಳಬೇಡಿ. ವಿಲ್ಕಾಮ್ ಆದರೆ ಇಎಂಬಿ. ‘ಜೇಬಿಗೆ ಸ್ವಲ್ಪ ಚಿಕ್ಕದು ಮಾಡಿ’ ಅಂದಾಗ ಡಿಎಸ್‌ಟಿಯನ್ನು ಮಷಿನ್ ಮೇಲೇ ಕುಗ್ಗಿಸಿದರೆ ಹೊಲಿಗೆಯ ಸಂಖ್ಯೆ ಅಷ್ಟೇ ಉಳಿಯುತ್ತದೆ. 20 ಪರ್ಸೆಂಟ್ ಕುಗ್ಗಿಸಿದರೆ 0.40 ಇದ್ದ ಅಂತರ 0.32 ಆಗುತ್ತದೆ. ಸೂಜಿ ಮುರಿಯುವುದು ಅಲ್ಲಿಂದಲೇ. ಹಿಗ್ಗಿಸಿದರೆ ಬಟ್ಟೆ ಕಾಣುತ್ತದೆ. ಮೂಲ ಫೈಲಲ್ಲಿ ಅಳತೆ ಬದಲಿಸಿ, ಹೊಲಿಗೆ ಹೊಸದಾಗಿ ಹುಟ್ಟಲು ಬಿಟ್ಟು, ಮತ್ತೆ ಡಿಎಸ್‌ಟಿ ಮಾಡಿ.

ಸ್ಯಾಂಪಲ್

ಅದೇ ಬಟ್ಟೆ, ಅದೇ ಬ್ಯಾಕಿಂಗ್, ಅದೇ ದಾರ. ಕೈಗೆ ಸಿಕ್ಕ ಚಿಂದಿ ಕಾಟನ್ ಮೇಲೆ ಸ್ಯಾಂಪಲ್ ಹೊಡೆದರೆ ಲೆಕ್ಕಕ್ಕಿಲ್ಲ. ಹಿಗ್ಗುವ ಬಟ್ಟೆಗೆ ಕತ್ತರಿಸಿ ತೆಗೆಯುವ ಬ್ಯಾಕಿಂಗ್ ಇರಲಿ, ಹರಿದು ತೆಗೆಯುವ ಪೇಪರ್ ಒಗೆತಕ್ಕೆ ನಿಲ್ಲುವುದಿಲ್ಲ.

ಸ್ಯಾಂಪಲ್ ಬಂದ ಮೇಲೆ ಫ್ರೇಮಿನಿಂದ ತೆಗೆದು ನೋಡಿ, ಫ್ರೇಮಿನಲ್ಲಿ ಎಲ್ಲ ಬಿಗಿಯಾಗಿ ಚೆನ್ನಾಗೇ ಕಾಣುತ್ತದೆ. ತಿರುಗಿಸಿ ಸ್ಯಾಟಿನ್ ಹಿಂಭಾಗ ನೋಡಿ: ನಡುವಿನ ಮೂರನೇ ಒಂದು ಭಾಗ ಬಿಳಿ ಬಾಬಿನ್ ದಾರ (ಕೆಳಗಿನ ದಾರ) ಕಂಡರೆ ಟೆನ್ಷನ್, ಅಂದರೆ ದಾರದ ಬಿಗಿ, ಸರಿ ಇದೆ, ತಪ್ಪಿದ್ದರೆ ಅದು ಫೈಲಿನದು ಅಂತ ಗೊತ್ತಾಗುತ್ತದೆ. ಸ್ಕೇಲ್ ಇಟ್ಟು ಅಗಲ, ಎತ್ತರ ಎರಡೂ ಅಳೆಯಿರಿ. ಒಂದು ಸಲ ಒಗೆದು ನೋಡಿ. ಆಮೇಲೆ ಕೈ ಚಾಚಿ ದೂರ ಹಿಡಿದು ಪಕ್ಕದವರಿಗೆ ಓದಲು ಹೇಳಿ. ಹೆಸರು ಏನೆಂದು ಮೊದಲೇ ಹೇಳಬೇಡಿ. ನಾವು ಮೂರು ದಿನ ನೋಡಿದ ಪದವನ್ನು ಕಣ್ಣು ತಾನಾಗಿಯೇ ಸರಿಯಾಗಿ ಓದಿಬಿಡುತ್ತದೆ. ಆ ಹೆಂಗಸು ಮೊದಲ ಸಲ ನೋಡಿದ್ದರಿಂದಲೇ ಅವರಿಗೆ ‘ಪಾರಶಾಲೆ’ ಕಂಡಿದ್ದು.

ಎಲ್ಲ ಒಪ್ಪಿಗೆಯಾದ ಮೇಲೆ ಕಾರ್ಖಾನೆಗೆ ಒಂದೇ ಫೋಲ್ಡರ್ ಕಳಿಸಿ: ಡಿಎಸ್‌ಟಿ, ಬಣ್ಣದ ಚೀಟಿ, ನಿಜ ಅಳತೆಯ ಪಿಡಿಎಫ್, ಸ್ಯಾಂಪಲ್‌ನ ಫೋಟೋ. ಚೀಟಿಯಲ್ಲಿ ಅಳತೆ, ಹೊಲಿಗೆಯ ಸಂಖ್ಯೆ, ಬಟ್ಟೆ, ಬ್ಯಾಕಿಂಗ್, ಸೂಜಿ, ಭುಜದ ಹೊಲಿಗೆಯಿಂದ ಲೋಗೋ ಎಷ್ಟು ಕೆಳಗೆ ಅಂತ ಬರೆದಿರಲಿ. ಫೈಲ್ ಹೆಸರು ಇಂಗ್ಲಿಷಿನಲ್ಲಿ, ಎಂಟು ಅಕ್ಷರದೊಳಗೆ ಇಡಿ, ಹಳೆಯ ಮಷಿನ್‌ಗಳು ಉದ್ದ ಹೆಸರು ಓದುವುದಿಲ್ಲ. ‘ಫೈನಲ್’, ‘ಫೈನಲ್ ಹೊಸದು’, ‘ಫೈನಲ್ 2’ ಅಂತ ಮೂರು ಫೈಲ್ ಒಂದೇ ಪೆನ್‌ಡ್ರೈವ್‌ನಲ್ಲಿ ಬಿಡಬೇಡಿ. ಹಳೆಯದನ್ನು ಅಳಿಸಿ, ಒಂದೇ ಒಂದು ಕೊಡಿ. ರಾತ್ರಿ ಪಾಳಿಯ ಆಪರೇಟರ್ ನಿಮಗೆ ಫೋನ್ ಮಾಡಿ ಕೇಳುವುದಿಲ್ಲ, ಪಟ್ಟಿಯಲ್ಲಿ ಮೊದಲು ಕಂಡದ್ದನ್ನು ಹಾಕಿ ಮಷಿನ್ ಓಡಿಸುತ್ತಾನೆ.